ನೆಟ್ ದಾಟದ ಸರ್ವಿಸ್

ಹದಿನಾರನೇ ವಯಸ್ಸಿಗೆ ನಾನು ಮಧ್ಯ ಜಾವಾದ ಒಂದು ಬ್ಯಾಡ್ಮಿಂಟನ್ ಹಾಸ್ಟೆಲಿಗೆ ಸೇರಿದೆ. ಸೀಟು ಸಿಕ್ಕ ದಿನವೇ ಕ್ಲಾಟೆನ್ ಊರಿನ ನಮ್ಮ ಮನೆಯಲ್ಲಿ ಅಪ್ಪ ಪದಕ ನೇತುಹಾಕಲು ಗೋಡೆಗೆ ಮೊಳೆ ಹೊಡೆದರು. ಈಗ ಅಲ್ಲಿ ಅಮ್ಮನ ಛತ್ರಿ ಇದೆ.

ಹಾಸ್ಟೆಲಿನಲ್ಲಿ ಪ್ರತಿ ಡಿಸೆಂಬರಿಗೆ ಅಂಕಪಟ್ಟಿಯ ಕೆಳಗಿನವರ ಹೆಸರು ಹೊಡೆದುಹಾಕಿ ಮನೆಗೆ ಕಳಿಸುತ್ತಿದ್ದರು. ಮೊದಲ ವರ್ಷ ಬಚಾವಾದೆ. ಎರಡನೇ ವರ್ಷ ಆಗಸ್ಟಿನಲ್ಲಿ, ನನಗಿಂತ ಮೂರು ವರ್ಷ ಚಿಕ್ಕವಳ ಕೈಯಲ್ಲಿ ಸೋತೆ. ಅಂದಿನಿಂದ ನಿದ್ದೆ ಹಾರಿತು. ಕಣ್ಣು ಮುಚ್ಚಿದರೆ ಸೋತ ಪಾಯಿಂಟುಗಳನ್ನೇ ಮತ್ತೆ ಆಡುತ್ತಿದ್ದೆ, ಅಲ್ಲೂ ಸೋಲುತ್ತಿದ್ದೆ. ನಿದ್ದೆಗೆಟ್ಟ ಕಾಲು ಓಡಲಿಲ್ಲ, ಓಡದ ಕಾಲು ಗೆಲ್ಲಲಿಲ್ಲ.

ಅಕ್ಟೋಬರಿನಲ್ಲಿ ಹೆದರಿಕೆಯೂ ಹೋಯಿತು. ವೇದಾಂತಿಯಾಗಿಬಿಟ್ಟೆ ಎಂದು ಒಳಗೊಳಗೇ ಬೀಗಿದೆ. ಒಂಬತ್ತು ದಿನ ತಲೆಗೆ ನೀರು ಹಾಕದಿದ್ದುದಕ್ಕೆ ಸಮಯದ ಉಳಿತಾಯ ಎಂದು ಹೆಸರಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಯಾವುದೂ ಬೇಡವಾಗಿತ್ತು. ಆದರೆ ಯಾವುದೂ ಬೇಡದವಳಿಗೆ ಎಲ್ಲವೂ ಭಾರವಾಗುತ್ತಿತ್ತು: ಕೋಣೆಯ ಗೆಳತಿ ಲಾರಸ್ ಬಾಚಣಿಗೆ ಕೇಳಿದರೂ ಎದೆ ಡವಗುಟ್ಟುತ್ತಿತ್ತು.

ನವೆಂಬರಿನ ಆಯ್ಕೆ ಪಂದ್ಯದಲ್ಲಿ ಸರ್ವಿಸ್‌ಗೆ ನಿಂತೆ. ಷಟಲ್ ಹಿಡಿದ ಬೆರಳು ಬಿಡಲೇ ಇಲ್ಲ. ಅಂಪೈರ್ ಎರಡು ಸಲ ಎಚ್ಚರಿಸಿದರು. ಕೊನೆಗೆ ಹೊಡೆದೆ, ಷಟಲ್ ನನ್ನದೇ ಶೂ ಮೇಲೆ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ನಗು ನಿಂತಿತು, ನನ್ನದು ಅಳುವಾಯಿತು. ಕೋರ್ಟ್ ಬಿಟ್ಟು ನಡೆದು, ಬಟ್ಟೆ ಒಣಗಿಸುವ ಕಡೆ ಹೋಗಿ ಹಾಸಿಗೆ ಬಟ್ಟೆಗಳ ಹಿಂದೆ ಕುಳಿತೆ.

ಅಡುಗೆಯ ಸರ್ಮಿಯಮ್ಮ ಒರೆಸುವ ಬಟ್ಟೆ ಹರವಲು ಬಂದರು.

"ನಿಕೆನ್, ಮ್ಯಾಚ್ ಇಲ್ವೇನೇ?"

"ಮುಗೀತು."

"ಗೆದ್ಯಾ?"

"ನನ್ನ ಶೂ ಗೆಲ್ತು."

ಅವರು ನಗಲಿಲ್ಲ. "ಒಂದು ತಿಂಗಳಿಂದ ನಿನ್ನ ತಟ್ಟೆ ಹಾಗೇ ವಾಪಸ್ ಬರ್ತಿದೆ. ಹಿತ್ತಲ ಬೆಕ್ಕು ದಪ್ಪ ಆಗಿದೆ, ನೀನು ಕಡ್ಡಿ ಆಗಿದೀಯ. ನಾನೇನು ಕುರುಡೀನಾ?"

"ಸೋಮಾರಿತನ ಅಷ್ಟೇ, ಅಮ್ಮ."

"ಸೋಮಾರಿಗಳು ಚೆನ್ನಾಗಿ ತಿಂತಾರೆ ಕಣೆ."

ಆಗ ಬಾಯಿಬಿಟ್ಟೆ. "ಬೆಳಗ್ಗೆ ಏಳೋದೇ ಬೇಡ ಅನ್ಸುತ್ತಮ್ಮ. ಯಾವತ್ತೂ."

ಅವರು ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು ಕೋಚ್ ಹೆರು ಅವರ ಮುಂದೆ ನಿಲ್ಲಿಸಿ, ನಾನಂದದ್ದನ್ನು ಹೇಳಿದರು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು ಕೋಚ್.

"ಹೇಳಿದ್ರೆ ಹೆಸರು ಹೊಡೀತೀರಿ ಅನ್ಕೊಂಡೆ, ಸರ್."

"ಹೊಡೀತಿದ್ನೇನೋ," ಎಂದರು.

ಮರುದಿನ ಸರ್ಮಿಯಮ್ಮನೇ ನನ್ನನ್ನು ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿನ ಮನಶ್ಶಾಸ್ತ್ರಜ್ಞೆ ಎಲ್ಲ ಕೇಳಿಸಿಕೊಂಡು, "ಒತ್ತಡ ನಿನ್ನನ್ನ ಖಿನ್ನತೆಗೆ ತಳ್ತು. ಈಗ ಖಿನ್ನತೆ ಸಣ್ಣ ಒತ್ತಡಾನೂ ಬೆಟ್ಟ ಮಾಡ್ತಿದೆ. ಎರಡೂ ಒಂದಕ್ಕೊಂದು ಉಣಿಸ್ತಿವೆ. ಮೊದ್ಲು ನಿದ್ದೆ ನೋಡೋಣ," ಎಂದರು. ನಿದ್ದೆಯ ಲೆಕ್ಕ ಬರೆಯಲು ಪುಸ್ತಕ ಕೊಟ್ಟರು. ನಾನು ನಾಲ್ಕು ಬಣ್ಣದಲ್ಲಿ ಗೆರೆ ಎಳೆದು ಬರೆದೆ. ಎಲ್ಲಿ ತಪ್ಪು ಬರೆದೆನೋ ಎಂಬ ಚಿಂತೆಗೆ ಇದ್ದ ಚೂರು ನಿದ್ದೆಯೂ ಕೆಟ್ಟಿತು.

"ಇದ್ರಲ್ಲೂ ಫಸ್ಟ್ ಬರ್ಬೇಕಾ?" ಎಂದು ಮುಂದಿನ ಭೇಟಿಯಲ್ಲಿ ಅವರು ಪುಸ್ತಕ ವಾಪಸು ಇಸಿದುಕೊಂಡರು.

ಡಿಸೆಂಬರಿನಲ್ಲಿ ನಾನೇ ಹೆಸರು ತೆಗೆಸಿ ಊರಿಗೆ ಬಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೋಳಿ ಸಾರಿನ ಬಟ್ಟಲು ತಂದು ಎದುರಿಗೆ ಕುಳಿತು, "ಆರಿ ಹೋಗುತ್ತೆ, ಕುಡಿ," ಎಂದರು. ಅದು ಕ್ಷಮೆಯೋ ಸಾರೋ ಎಂದು ಕೇಳದೆ ಕುಡಿದೆ. ಸುಧಾರಿಸಿಕೊಳ್ಳಲು ಒಂದು ವರ್ಷ ಬೇಕಾಯಿತು; ನಡುವೆ ಎರಡು ಸಲ ಮತ್ತೆ ಜಾರಿದೆ.

ಈಗ ನನಗೆ ಇಪ್ಪತ್ತನಾಲ್ಕು. ರ‍್ಯಾಕೆಟ್‌ಗೆ ತಂತಿ ಬಿಗಿಯುತ್ತೇನೆ. ಭಾನುವಾರ ನಿವೃತ್ತ ಮೇಷ್ಟ್ರುಗಳ ಜೊತೆ ಆಡಿ ಸೋಲುತ್ತೇನೆ. ಹೋದ ತಿಂಗಳು ಲಾರಸ್ ಫೋನ್ ಮಾಡಿ, ತನಗೂ ನಿದ್ದೆ ಬರುತ್ತಿಲ್ಲ ಎಂದಳು. ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಬಸ್ಸು ಹತ್ತಿ ಅವಳಿದ್ದಲ್ಲಿಗೆ ಹೋದೆ.