ನ್ಯೂರೋಸರ್ಜರಿ ಸೀಟು ಮತ್ತು ಮುತ್ತಕ್ಕನ ಹದಿನೈದನೇ ಕಾಲಂ

ಹದಿನಾಲ್ಕು ಕಾಲಂ ಇದ್ದ ನನ್ನ ಎಕ್ಸೆಲ್ ಶೀಟನ್ನು ಮುತ್ತಕ್ಕ ಫೇಲ್ ಮಾಡಿದರು. ಅದೂ ನಿಂತಲ್ಲೇ, ಎಲೆ ಅಡಿಕೆ ಜಗಿಯುತ್ತಾ.

ಮೊದಲು ಶೀಟಿನ ಕತೆ ಹೇಳಿಬಿಡುತ್ತೇನೆ. ಈ ಅಂಕಣ ಓದುವವರಿಗೆ ಗೊತ್ತಿದೆ, ನಾನು ಎಂಬಿಬಿಎಸ್ ಓದಿ ಇಂಟರ್ನ್‌ಶಿಪ್ಪಿನ ಕೊನೆಯಲ್ಲಿದ್ದೇನೆ. (ಊರಿನವರ ಪಾಲಿಗೆ ಅರ್ಧ ಡಾಕ್ಟ್ರು. ಬಿಪಿ ನೋಡಿಸಿಕೊಳ್ಳುವಾಗ ಮಾತ್ರ ಪೂರ್ತಿ ಡಾಕ್ಟ್ರು.) ಮುಂದೇನು ಅಂದರೆ ನ್ಯೂರೋಸರ್ಜರಿ. ತಲೆಬುರುಡೆ ತೆರೆಯುವ ಕೆಲಸ.

'ಹೆಣ್ಣುಮಗಳು, ಚರ್ಮದ ಡಾಕ್ಟ್ರಾದ್ರೆ ಆಗಲ್ವಾ? ಎಮರ್ಜೆನ್ಸಿ ಇರಲ್ಲ' ಎಂದವರು ಒಬ್ಬರಾ ಇಬ್ಬರಾ? ಆಗಲ್ಲ. ನಮ್ಮ ಕಾಫಿ ತೋಟಗಳ ಕಡೆ ಬೈಕಿನಿಂದ ಬಿದ್ದು ತಲೆಗೆ ಏಟಾದರೆ ಗೊತ್ತಲ್ಲ, ಆಂಬುಲೆನ್ಸ್ ಹತ್ತಿಸಿ ಮೈಸೂರು ಅಥವಾ ಮಂಗಳೂರು. ದಾರಿಯುದ್ದಕ್ಕೂ ಮನೆಯವರು ಕೈ ಹಿಡಿದುಕೊಂಡು ಕೂತಿರಬೇಕು. ಹಾಗೆ ಬಂದ ಹುಡುಗನೊಬ್ಬನನ್ನು ಇಂಟರ್ನ್‌ಶಿಪ್ಪಿನಲ್ಲಿ ನೋಡಿದೆ. ರಕ್ತ ಹೆಪ್ಪುಗಟ್ಟಿತ್ತು, ತೆಗೆದರು. ಮೂರನೇ ದಿನ ಅವನು ಕಣ್ಣು ಬಿಟ್ಟು 'ಬೈಕ್ ಎಲ್ಲಿ?' ಎಂದು ಕೇಳಿದ. ಅವನ ಅಮ್ಮ ಅಳುತ್ತಲೇ ಅವನಿಗೆ ಬೈದರು. ನಾನು ಅವತ್ತೇ ನಿರ್ಧಾರ ಮಾಡಿದೆ.

ನನ್ನ ರ‍್ಯಾಂಕಿಗೆ ಸಿಗಬಹುದಾದ ಆಸ್ಪತ್ರೆ ಐದು. ಎಂಬಿಬಿಎಸ್ ಆದ ಮೇಲೆ ನೇರ ಸೇರುವ ಆರು ವರ್ಷದ ಕೋರ್ಸು. ಆನ್‌ಲೈನಿನಲ್ಲಿ ಒಂದು, ಎರಡು, ಮೂರು ಎಂದು ಕ್ರಮವಾಗಿ ತುಂಬಿ ಲಾಕ್ ಮಾಡಬೇಕು. ಲಾಕ್ ಆದ ಮೇಲೆ ಮುಗಿಯಿತು. ತಪ್ಪು ಜಾಗಕ್ಕೆ ಹೋದರೆ? ಇಪ್ಪತ್ತೈದರಿಂದ ಮೂವತ್ತೊಂದರವರೆಗಿನ ಆಯಸ್ಸು ಅಲ್ಲೇ. ಮಧ್ಯದಲ್ಲಿ ಬಿಟ್ಟು ಬಂದರೆ ಮತ್ತೆ ಸೀಟಿನ ಆಸೆ ಬಿಡಬೇಕು, ಬರದೆ ಅಲ್ಲೇ ಉಳಿದರೆ ಮನಸ್ಸು ಕೆಡಬೇಕು. ನನ್ನ ಕಾಲೇಜಿನ ಸೀನಿಯರ್ ಒಬ್ಬರು ಹಾಗೆ ಅರ್ಧಕ್ಕೇ ವಾಪಸ್ ಬಂದು ಎರಡು ತಿಂಗಳು ಯಾರ ಫೋನನ್ನೂ ಎತ್ತಲಿಲ್ಲ. ಅದನ್ನು ನೋಡಿದವಳಿಗೆ ಭಯ ಆಗಲ್ವಾ? ಆಯಿತು. ಅದಕ್ಕೇ ಶೀಟ್ ಮಾಡಿದೆ.

ವರ್ಷಕ್ಕೆ ಎಷ್ಟು ಆಪರೇಷನ್, ಮೈಕ್ರೋಸ್ಕೋಪು ಹೊಸದಾ ಹಳೆಯದಾ, ಪ್ರೊಫೆಸರ್‌ಗಳು ಎಷ್ಟು ಮಂದಿ, ಹಾಸ್ಟೆಲಿನಲ್ಲಿ ನೀರು ಬರುತ್ತಾ. ಹೀಗೆ ಹದಿನಾಲ್ಕು ಕಾಲಂ. ಚೆನ್ನಾಗಿರುವುದಕ್ಕೆ ಹಸಿರು, ಸುಮಾರಿಗೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ಆಸ್ಪತ್ರೆಗಳ ಹೆಸರು ಇಲ್ಲಿ ಬರೆಯಲ್ಲ, ನಾನೂ ಮುಂದೆ ಬದುಕಬೇಕು. ಮೊದಲ ಸ್ಥಾನದಲ್ಲಿದ್ದುದು ಒಂದು ದೊಡ್ಡ ಹೆಸರು, ಉದ್ದಕ್ಕೂ ಹಸಿರು. ನಾಲ್ಕನೆಯದು ಒಂದು ಸಣ್ಣ ಊರಿನದು, ಎಲ್ಲಿ ನೋಡಿದರೂ ಕೆಂಪು.

ಶುಕ್ರವಾರ ಸಂಜೆ ಐದಕ್ಕೆ ಲಾಕ್. ಬುಧವಾರ ಮಧ್ಯಾಹ್ನ ನೆಲ್ಯಹುದಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಅಪ್ಪ. ಅವರು ಇಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ ಕೂಗುವುದು, ಕೆಲಸ ಹಂಚುವುದು, ಕೂಗಾಡುವುದು, ಎಲ್ಲ ಅವರದೇ.

ಆಗ ಬಂದರು ಮುತ್ತಕ್ಕ. ಕಾಫಿ ಕುಯ್ಯುವ ಇಪ್ಪತ್ತು ಹೆಂಗಸರ ಗುಂಪಿಗೆ ಇವರೇ ಯಜಮಾನತಿ. ಪಿಕಿಂಗ್ ಶುರುವಾಗುವ ಮುಂಚೆ ಯಾವ ಎಸ್ಟೇಟಿಗೆ ಹೋಗುವುದು ಎಂದು ತೀರ್ಮಾನ ಮಾಡುವವರು ಇವರು, ಉಳಿದವರು ಹಿಂದೆ ಹೋಗುತ್ತಾರೆ. ಈ ವರ್ಷದ ಮಾತುಕತೆಗೆ ಅಪ್ಪನ ಹತ್ತಿರ ಬಂದಿದ್ದರು. ಮಾತು ಶುರುವಾಗುವ ಮುಂಚೆ ನನ್ನ ಸ್ಕ್ರೀನಿಗೆ ಇಣುಕಿದರು.

'ಇದೇನ್ ಕಣ್ಣು, ರಂಗೋಲಿನಾ?' (ಮುತ್ತಕ್ಕನ ಬಾಯಲ್ಲಿ ಕಣ್ಣು ಅಂದರೆ ಮಗಳೇ ಅಂತ.)

ನಾನು ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ. (ಅವರಿಗೆ ಅರ್ಥವಾಗಲ್ಲ ಅಂದುಕೊಂಡ ನನ್ನ ಕೊಬ್ಬು ನೋಡಿ.) 'ಐದು ಎಸ್ಟೇಟ್ ಅಂದ್ಕೊಳ್ಳಿ ಮುತ್ತಕ್ಕ. ಆರು ವರ್ಷ ಕೆಲಸ. ಮಧ್ಯ ಬಿಡೋ ಹಾಗಿಲ್ಲ. ಯಾವ್ದಕ್ಕೆ ಹೋಗೋದು ಅಂತ ನೋಡ್ತಿದ್ದೀನಿ.'

'ಆರು ವರ್ಷನಾ! ಅಯ್ಯಯ್ಯೋ. ಮೂರು ತಿಂಗಳ ಪಿಕಿಂಗ್‌ಗೇ ನಾನು ನಿದ್ದೆಗೆಡ್ತೀನಿ. ಲೈನ್‌ನಲ್ಲಿ ಕೇಳಿದ್ಯಾ?'

ಲೈನ್ ಅಂದರೆ ಎಸ್ಟೇಟ್ ಕೆಲಸಗಾರರ ಸಾಲುಮನೆ. ನನ್ನ ಲೆಕ್ಕದಲ್ಲಿ, ಆ ಆಸ್ಪತ್ರೆಗಳಲ್ಲಿ ಈಗ ದುಡಿಯುತ್ತಲೇ ಓದುತ್ತಿರುವ ಡಾಕ್ಟರ್‌ಗಳು, ಅಂದರೆ ರೆಸಿಡೆಂಟ್‌ಗಳು. ಕೇಳಿದ್ದೇನೆ ಎಂದೆ. ದೊಡ್ಡ ಹೆಸರಿನ ಆಸ್ಪತ್ರೆಗೆ ಎರಡು ದಿನ ಹೋಗಿ, ರೌಂಡ್ಸಿನಲ್ಲಿ ಹಿಂದೆ ಹಿಂದೆ ಓಡಾಡಿ, ಒಬ್ಬ ರೆಸಿಡೆಂಟನ್ನು ಕೇಳಿದ್ದೆ. 'ಎಲ್ಲ ಚೆನ್ನಾಗಿದೆ' ಎಂದಿದ್ದ.

'ರೈಟರ್ ಎಲ್ಲಿದ್ದ?'

'ಬಾಸಾ? ಎರಡು ಹೆಜ್ಜೆ ಮುಂದೆ ಹೋಗ್ತಿದ್ರು.'

ಮುತ್ತಕ್ಕ ಅಪ್ಪನ ಮುಖ ನೋಡಿದರು. ಆಮೇಲೆ ನನ್ನದು. 'ರೈಟರ್ ಮಗಳಾಗಿ ಇಷ್ಟು ಗೊತ್ತಾಗ್ಲಿಲ್ವಾ ನಿಂಗೆ? ರೈಟರ್ ಇದ್ದಾಗ ಯಾವ್ ಲೈನಲ್ಲೂ ಎಲ್ಲ ಚೆನ್ನಾಗೇ ಇರತ್ತೆ.'

'ಅಲ್ಲ, ನಾನೇನು ಹುಲಿನಾ?' ಅಪ್ಪ ಕೇಳಿದರು.

'ನೀವು ಊಟಕ್ಕೆ ಹೋದ್ಮೇಲೇ ನಾನು ಲೈನ್‌ಗೆ ಹೋಗೋದು ಸಾರ್. ಎಲ್ಲ ಎಸ್ಟೇಟಲ್ಲೂ ಹಂಗೇ. ನಲ್ಲಿ ಹತ್ರ ಕೂತ್ಕೊಂಡ್ರೆ ಹೆಂಗಸ್ರು ಬರ್ತಾರೆ. ಒಂದೇ ಮಾತು ಕೇಳ್ತೀನಿ.'

ನನಗೆ ಕುತೂಹಲ. ಒಂದೇನಾ? ನನ್ನದು ಹದಿನಾಲ್ಕು.

'ಹೋದ ವರ್ಷ ಯಾರಿಗೆ ಏಟಾಯ್ತು? ಆಸ್ಪತ್ರೆಗೆ ಜೊತೇಲಿ ಯಾರು ಬಂದ್ರು? ಅಷ್ಟೇ.'

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರೇ ಹೇಳಿದರು. ಹಿಂದೊಮ್ಮೆ ಬೇರೆ ಯಾವುದೋ ಎಸ್ಟೇಟಿನಲ್ಲಿ ಗುಂಪಿನ ಹೆಂಗಸೊಬ್ಬಳು ಇಳಿಜಾರಿನಲ್ಲಿ ಚೀಲ ಹೊತ್ತು ಬರುವಾಗ ಜಾರಿ ಕಾಲು ಮುರಿದುಕೊಂಡಳು. ಜೀಪು ಕೊಟ್ಟರು. ಡ್ರೈವರ್ ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ವಾಪಸ್ ಹೋದ. 'ನಾನೊಬ್ಳೇ ಕಣ್ಣು. ಅಲ್ಲಿ ಸೈನ್ ಮಾಡು ಅಂತಾರೆ, ಇಲ್ಲಿ ಸೈನ್ ಮಾಡು ಅಂತಾರೆ. ಅವಳು ಕೂಗ್ತಾಳೆ. ಬಂಗ್ಲೆ ಚೆನ್ನಾಗಿತ್ತು, ಗಿಡ ಚೆನ್ನಾಗಿತ್ತು, ಎಲ್ಲ ಚೆನ್ನಾಗಿತ್ತು.'

ಆಮೇಲೆ ಎಲೆ ಅಡಿಕೆ ಉಗಿದು ಬಂದು ಅಪ್ಪನ ಕಡೆ ಕೈ ತೋರಿಸಿದರು. 'ಇವ್ರ ತೋಟದಲ್ಲಿ ಜೇನು ಕಚ್ಚಿತ್ತಲ್ಲ ಆ ಹುಡುಗೀಗೆ, ಇವ್ರೇ ಬಂದು ಸಾಯಂಕಾಲದವರೆಗೆ ಆಸ್ಪತ್ರೆ ಬೆಂಚಲ್ಲಿ ಕೂತಿದ್ರಂತೆ. ಊಟ ಇಲ್ದೆ. ಲೈನಲ್ಲಿ ಹೇಳಿದ್ರು. ಅದಕ್ಕೇ ನಾವು ಬರೋದು. ಬಾಯಿ ಜಾಸ್ತಿ, ಆದ್ರೂ ಬರ್ತೀವಿ.'

ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಇವರ ಗುಂಪು ವರ್ಷ ವರ್ಷ ಯಾಕೆ ಬರುತ್ತದೆ ಎಂದು ಅವರು ಕೇಳಿರಲೂ ಇಲ್ಲ. ಕಣ ನೋಡಿಕೊಂಡು ಬರುತ್ತೇನೆ ಎಂದು ಎದ್ದು ಹೋದರು. (ಕಣದಲ್ಲಿ ಇನ್ನೂ ಒಂದು ಕಾಳು ಕಾಫಿ ಬಿದ್ದಿರಲಿಲ್ಲ.) ನನಗೆ ಅಪ್ಪನ ಬಗ್ಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಆ ದಿನ ಅವರ ಹತ್ತಿರ ಒಂದು ಸಲವೂ ಜಗಳ ಆಡಲಿಲ್ಲ.

ಗುರುವಾರ ಫೋನ್ ಹಿಡಿದು ಕೂತೆ. ದೊಡ್ಡ ಹೆಸರಿನ ಆಸ್ಪತ್ರೆಯ ಅದೇ ರೆಸಿಡೆಂಟ್. ಅವನಿಗೆ ರಜೆ ಇದ್ದ ದಿನ, ರೂಮಿನಲ್ಲಿದ್ದ. ಮುತ್ತಕ್ಕನ ಪ್ರಶ್ನೆಯನ್ನು ನಮ್ಮ ಭಾಷೆಗೆ ತಂದು ಕೇಳಿದೆ. 'ನೀವು ಆಪರೇಷನ್ ಮಾಡಿದ ಪೇಷಂಟ್ ಉಳಿಯದೇ ಇದ್ದಾಗ, ಮನೆಯವರಿಗೆ ಹೇಳೋಕೆ ನಿಮ್ಮ ಜೊತೆ ಯಾರು ಬಂದ್ರು?'



'ಸೆಕ್ಯುರಿಟಿ' ಎಂದ. ನಕ್ಕ. ನಾನು ನಗಲಿಲ್ಲ. 'ಮನೆಯವ್ರು ಹೊಡೀಬಾರ್ದು ಅಂತ ಹಿಂದೆ ನಿಂತಿದ್ದ. ಪಾಪ, ಒಳ್ಳೆ ಮನುಷ್ಯ. ಆಮೇಲೆ ಟೀ ಕೊಡಿಸಿದ.' ಆಮೇಲೆ ನನಗೇ ಸಮಾಧಾನ ಹೇಳುವವನ ಹಾಗೆ, 'ಆದ್ರೆ ಕೇಸು ತುಂಬಾ ಬರತ್ತೆ ಇಲ್ಲಿ, ಅದಂತೂ ನಿಜ' ಎಂದ. ಒಬ್ಬನೇ ಹೋಗಿ ಹೇಳಿದ್ದು ಎಷ್ಟು ಸಲ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಎರಡನೆಯ ಮತ್ತು ಮೂರನೆಯ ಆಸ್ಪತ್ರೆಯವರು ಪ್ರಶ್ನೆಯನ್ನು ಜಾರಿಸಿದರು. ಐದನೆಯವರು ಫೋನೇ ಎತ್ತಲಿಲ್ಲ. ಉಳಿದದ್ದು ಕೆಂಪು ಆಸ್ಪತ್ರೆ. ಅಲ್ಲಿ ಮೂರನೇ ವರ್ಷದ ರೆಸಿಡೆಂಟ್ ಒಬ್ಬಳು, ಧಾರವಾಡದ ಕಡೆಯವಳು. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬಂತು.

'ನಮ್ ಸರ್ ಬಂದ್ರು. ನನಗ ಬಾಯಾಗ ಮಾತ ಬರವಲ್ದಾಗಿತ್ತು. ಪೇಷಂಟ್‌ನ ಅಪ್ಪನ ಬಾಜೂಕ ಕುಂತ್ರು, ತಾವ ಹೇಳಿದ್ರು. ಹೆಣಾ ಊರಿಗೆ ಹೋಗೂತನಾ ಅಲ್ಲೇ ಇದ್ರು. ಆಮ್ಯಾಲೆ ನನ್ನ ಕೂಡ್ಸಿ ಸ್ಕ್ಯಾನ್ ಹಚ್ಚಿ, ಎಲ್ಲಿ ತಪ್ಪಿತು ಎಲ್ಲಿ ತಪ್ಪಲಿಲ್ಲ ತೋರ್ಸಿದ್ರು. ಮರುದಿನ ಮೊದಲ್ನೇ ಕೇಸ್ ನನ್ನ ಕೈಗೇ ಕೊಟ್ರು.'

'ಹಾಗಾದ್ರೆ ಒಳ್ಳೆಯವರು?'

'ಎಲ್ಲಿದು! ಓಟಿಯಾಗ ಚರ್ಮಾ ಸುಲೀತಾರ್ರೀ. ವಾರಕ್ಕೊಮ್ಮೆ ಅಳ್ತೀನಿ. ಹಾಸ್ಟೆಲ್‌ದಾಗ ನೀರು ಬರೂದಿಲ್ಲ, ಮೈಕ್ರೋಸ್ಕೋಪ್ ಅಂತೂ ನಮ್ಮಜ್ಜನ ವಯಸ್ಸಿಂದು. ಆದ್ರ ಬಿಟ್ಟು ಹೋಗ್ಬೇಕು ಅಂತ ಒಂದಿನಾನೂ ಅನಿಸಿಲ್ಲ.'

ಶುಕ್ರವಾರ ಬೆಳಿಗ್ಗೆ ಹದಿನೈದನೇ ಕಾಲಂ ಸೇರಿಸಿದೆ. ತಲೆಬರಹ: ಜೊತೆಗೆ ಯಾರು ಬಂದರು. ಒಂದೇ ಒಂದು ಹಸಿರು ಬಿತ್ತು. ನಾಲ್ಕನೆಯದನ್ನು ಎತ್ತಿ ಮೊದಲನೆಯದು ಮಾಡಿದೆ. ದೊಡ್ಡ ಹೆಸರನ್ನು ಕೆಳಗೆ ತಳ್ಳುವುದು ಸುಲಭವಾ? ಇಂಟರ್ನ್‌ಶಿಪ್ ಉದ್ದಕ್ಕೂ ಆ ಹೆಸರನ್ನೇ ಜಪ ಮಾಡಿಕೊಂಡಿದ್ದೆ. ನಾಲ್ಕೂವರೆಗೆ ಲಾಕ್ ಒತ್ತಿದೆ. ಅಪ್ಪ 'ಸರಿಯಾಗಿ ನೋಡ್ದೇನೇ?' ಎಂದರು. ನೋಡಿದೆ ಎಂದೆ.

ಮೊನ್ನೆ ಅಲಾಟ್‌ಮೆಂಟ್ ಬಂತು. ಮೊದಲ ಆಯ್ಕೆಯೇ ಸಿಕ್ಕಿದೆ. ನೆಂಟರೆಲ್ಲ ಫೋನ್ ಮಾಡಿ 'ಅದ್ಯಾವ ಊರೇ?' ಎಂದು ಕೇಳುತ್ತಿದ್ದಾರೆ. ಮ್ಯಾಪಿನಲ್ಲಿ ಹುಡುಕಿಕೊಳ್ಳಿ ಎನ್ನುತ್ತಿದ್ದೇನೆ. ನನಗೆ ಖುಷಿಯಾಗಿದೆ, ಹೊಟ್ಟೆ ತುಂಬಿದಷ್ಟು ಖುಷಿ. ಧಾರವಾಡದ ಅಕ್ಕನ ಮೆಸೇಜ್ ಬಂದಿದೆ: 'ಬರ್ರಿ. ಬರೂವಾಗ ಎರಡು ಬಕೆಟ್ ತರ್ರಿ.'

ಬಕೆಟ್ ಕೊಂಡಾಯಿತು. ಈಗ ನನ್ನನ್ನು ಕಾಡುತ್ತಿರುವುದು ಬೇರೆ. ನಾನೂ ಸೀನಿಯರ್ ಆಗುತ್ತೇನೆ. ನನ್ನ ಕೈ ಕೆಳಗೂ ಬಾಯಿ ಒಣಗಿದ ಹುಡುಗನೊಬ್ಬ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತಾನೆ. ಒಳಗೆ ಯಾರದೋ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. ನನಗೆ ಆಗ ಹಸಿವಾಗಿರುತ್ತದೆ, ಸುಸ್ತಾಗಿರುತ್ತದೆ, ಮುಂದಿನ ಕೇಸು ಟೇಬಲ್ ಮೇಲೆ ಇರುತ್ತದೆ.

ಮುಂದೊಂದು ದಿನ ಯಾರೋ ಅವನಿಗೆ ಫೋನ್ ಮಾಡಿ, ನಾನು ಪಕ್ಕದಲ್ಲಿ ಇಲ್ಲದಾಗ, ನಿಮ್ಮ ಜೊತೆ ಯಾರು ಬಂದರು ಎಂದು ಕೇಳಿದರೆ, ಅವನು ನನ್ನ ಹೆಸರು ಹೇಳುತ್ತಾನಾ?