ಬ್ರೆಡ್ಡಿನ ಮೇಲೆ ಉದುರಿಸಿದ ಶೇಂಗಾ ತರಿ

ನನ್ನ ಮೊಮ್ಮಗಳಿಗೆ ಈಗ ಏಳು ವರ್ಷ, ಎರಡನೇ ಕ್ಲಾಸು. ಮೆಟ್ಟಿಲು ಹತ್ತುವಾಗ ಓಡುತ್ತಾಳೆ, ಓಡುತ್ತಲೇ ಹಾಡುತ್ತಾಳೆ, ಏದುಸಿರು ಅನ್ನುವುದೇ ಇಲ್ಲ. ಇಷ್ಟು ಬರೆಯುವಷ್ಟರಲ್ಲಿ ನನಗೆ ಖುಷಿ ತಡೆಯದೆ ಎರಡು ಸಲ ಎದ್ದು ಹೋಗಿ ಅವಳನ್ನು ನೋಡಿಕೊಂಡು ಬಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ತಪ್ಪಿದ್ದರೆ ಅವಳೇ ತಿದ್ದಿಕೊಡುತ್ತಾಳಂತೆ. ತಿದ್ದಲಿ. ಆದರೆ ಅವಳು ಶೇಂಗಾ ಬಾಯಿಗೆ ಹಾಕಿಕೊಂಡರೆ ಮಾತ್ರ ಇವತ್ತಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, ಅವಳು ನುಂಗಿ ಮುಗಿಸುವವರೆಗೆ ಗಂಟಲನ್ನೇ ನೋಡುತ್ತಾ ನಿಲ್ಲುತ್ತೇನೆ.

ಬ್ರೆಡ್ಡಿನ ಜೊತೆ ಶೇಂಗಾ ತಿನ್ನುವುದು ನನಗೆ ಹೊಸದಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದಾಗ ಶಿಫ್ಟ್ ಮುಗಿದ ಮೇಲೆ ನಾವು ನಾಲ್ಕೈದು ಜನ ಕೂತು, ಬೇಕರಿ ಬ್ರೆಡ್ಡಿನ ಮೇಲೆ ಹುರಿದು ಕುಟ್ಟಿದ ಶೇಂಗಾ ಹರಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು, ಖಾರದಪುಡಿ ಹಾಕಿ, ನಾಲ್ಕು ಹನಿ ನಿಂಬೆಹಣ್ಣು ಹಿಂಡಿ ತಿನ್ನುತ್ತಿದ್ದೆವು. ಶೇಂಗಾ ತರಿತರಿಯಾಗಿಯೇ ಇರಬೇಕು, ಹಲ್ಲಿಗೆ ಸಿಗಬೇಕು, ಅದು ನನ್ನ ಹಟ.

ಅಳಿಯ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ. ಕೂಸಿಗೆ ಒಂದೂವರೆ ವರ್ಷವಿದ್ದಾಗ ಕೆಲಸದ ಮೇಲೆ ಬೆಂಗಳೂರಿಗೆ ಹೋದವನು ಪೀನಟ್ ಬಟರಿನ ಬಾಟಲಿ ತಂದ. ನಮ್ಮ ಮನೆಗೆ ಅದು ಬಂದದ್ದು ಅದೇ ಮೊದಲು. ಮುಚ್ಚಳ ತೆಗೆದ ದಿನವೇ ಮನೆಯಲ್ಲಿ ಜಗಳ ಶುರುವಾಯಿತು.

"ಇದಕ್ಕೆ ಬೆಲ್ಲ, ತುಪ್ಪ ಹಾಕಿದ್ರೆ ಹೋಳಿಗೆ ಹೂರಣ ಇದ್ದಂಗೆ ಇರುತ್ತೆ" ಎಂದಳು ನನ್ನ ಹೆಂಡತಿ.

"ಬಾಳೆಹಣ್ಣಮ್ಮ, ಬಾಳೆಹಣ್ಣು. ತೆಳ್ಳಗೆ ಹೆಚ್ಚಿ ಇಡ್ಬೇಕು" ಎಂದಳು ಮಗಳು.

"ಇದ್ಯಾವ ಶೇಂಗಾ ಮಾರಾಯ್ತಿ? ನೆಕ್ಕೋ ಔಷಧಿ ಇದ್ದಂಗಿದೆ. ತರಿ ಎಲ್ಲಿ?" ಎಂದೆ ನಾನು. "ಒಂದು ಈರುಳ್ಳಿ ಕೊಡು, ತೋರಿಸ್ತೀನಿ."

"ಈರುಳ್ಳಿ ತಿಂದು ಮೊಮ್ಮಗಳಿಗೆ ಮುತ್ತು ಬೇರೆ ಕೊಡ್ತಾರೆ ಇವ್ರು" ಎಂದು ಹೆಂಡತಿ ಮೂಗು ಮುಚ್ಚಿಕೊಂಡಳು. "ಅದ್ಕೇ ಆ ಕೂಸು ಮುಖ ತಿರುಗಿಸೋದು."

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಮಗಳು ಒಂದು ಮಾತು ಹೇಳಿದಳು. "ಅಪ್ಪಾಜಿ, ಪುಟ್ಟಿಗೆ ಈ ನುಣ್ಣಗಿರೋದನ್ನ ಮಾತ್ರ ತೆಳ್ಳಗೆ ಸವರಿ ಕೊಡಿ. ನಿಮ್ಮ ತರಿ ಗಿರಿ ಬೇಡ. ಅವಳಿಗಿನ್ನೂ ದವಡೆ ಹಲ್ಲು ಬಂದಿಲ್ಲ." ನಾನು ಹೂಂ ಅಂದೆ. ಅವಳು ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆಯೂ ಹೂಂ ಅಂದೆ.

ಮಗಳು ಟೀಚರ್. ಒಂದು ಶನಿವಾರದಿಂದ ಅವಳಿಗೆ ಮೂರು ದಿನದ ಟ್ರೈನಿಂಗ್ ಬಂತು. ಶಿವಮೊಗ್ಗದ ವಿನೋಬನಗರದ ಅವಳ ಮನೆಯಿಂದ ಕೂಸನ್ನು ಕರೆತಂದು ಭದ್ರಾವತಿಯಲ್ಲಿ ನಮ್ಮ ಹತ್ತಿರ ಬಿಟ್ಟಳು. ಜೊತೆಗೆ ಆ ಬಾಟಲಿಯನ್ನೂ ಕೊಟ್ಟು ಹೋದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಕೂಸನ್ನು ಎದುರಿಗೆ ಕೂರಿಸಿಕೊಂಡು ಬ್ರೆಡ್ಡಿಗೆ ನುಣ್ಣಗಿನದನ್ನು ಸವರಿದೆ, ಬಾಳೆಹಣ್ಣು ಇಟ್ಟೆ. ನನ್ನ ಬ್ರೆಡ್ಡಿಗಾಗಿ ಕುಟ್ಟಾಣಿಯಲ್ಲಿ ಶೇಂಗಾ ಕುಟ್ಟಿ ಇಟ್ಟಿದ್ದೆ. ಕೂಸು ಅದರ ಕಡೆಗೇ ಕೈ ಚಾಚಿತು, "ಅಜ್ಜ, ಅಜ್ಜ" ಎಂದಿತು. ಅಷ್ಟು ಸಾಕಾಯಿತು ನನಗೆ. ನನ್ನ ರುಚಿಯೇ ಇದಕ್ಕೂ ಬಂದಿದೆ ಎಂದು ಉಬ್ಬಿ ಹೋದೆ. ಒಂದು ಚಿಟಿಕೆ ತರಿಯನ್ನು ಅವಳ ಬ್ರೆಡ್ಡಿನ ಮೇಲೆ ಉದುರಿಸಿ ಬಾಯಿಗಿಟ್ಟೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಬಾಯಿ ತುಂಬಿಕೊಂಡೇ ನಕ್ಕಳು. ನಗುವಾಗಲೇ ಕೆಮ್ಮು ಹತ್ತಿತು.

ಅದು ಸಾಮಾನ್ಯ ಕೆಮ್ಮಲ್ಲ. ಮುಖ ಕೆಂಪಾಗಿ, ಆಮೇಲೆ ತುಟಿಯ ಸುತ್ತ ನೀಲಿಯಾಯಿತು. ತಲೆ ಕೆಳಗೆ ಮಾಡಿ ಬೆನ್ನು ಗುದ್ದಿದೆ. ಬಾಯಿಂದ ಬ್ರೆಡ್ಡಿನ ಉಂಡೆ ಬಿತ್ತು, ಉಸಿರು ಬಂತು, ಅತ್ತಳು. ಐದು ನಿಮಿಷಕ್ಕೆಲ್ಲ ಆಟವಾಡಲು ಹೋದಳು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಯಾಕ್ರೀ ಅತ್ತಿದ್ದು?" ಎಂದಳು.

"ಏನಿಲ್ಲ, ನೆತ್ತಿಗೆ ಹತ್ತಿತ್ತು."

ಕುಟ್ಟಾಣಿಯನ್ನು ತೊಳೆದು, ಒರೆಸಿ, ಮೇಲಿನ ಹಲಗೆಗೆ ಎತ್ತಿಟ್ಟೆ. ಯಾವತ್ತೂ ನಾನು ಅದನ್ನು ತೊಳೆದವನಲ್ಲ.

ಸೋಮವಾರ ಅವಳ ಉಸಿರಿನಲ್ಲಿ ಸಣ್ಣ ಸಿಳ್ಳೆ ಕೇಳಿಸಿತು. ಉಸಿರು ಬಿಡುವಾಗ ಮಾತ್ರ ಸುಯ್ ಅನ್ನುತ್ತಿತ್ತು. "ಶೀತ ಆಗಿದೆ" ಎಂದು ಹೆಂಡತಿ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಜೇನಲ್ಲಿ ನೆಕ್ಕಿಸಿದಳು. ಸಂಜೆ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲವಂತೆ. "ನೋಡ್ರೀ, ಎಷ್ಟು ದೃಷ್ಟಿ ಆಗಿದೆ!" ಎಂದು ನನಗೇ ತೋರಿಸಿದಳು. ಶೀತವೇ ಆಗಿರಲಿ, ದೃಷ್ಟಿಯೇ ಆಗಿರಲಿ ಎಂದು ನಾನು ದೇವರ ಫೋಟೋದ ಮುಂದೆ ನಿಂತು ಬೇಡಿಕೊಂಡೆ. ನನ್ನ ಶೇಂಗಾ ಒಂದು ಆಗಿರದಿದ್ದರೆ ಸಾಕಿತ್ತು.

ಕಾರ್ಖಾನೆಯಲ್ಲಿ ನಾನಿದ್ದದ್ದು ಗಾಳಿ ಊದುವ ಯಂತ್ರಗಳ ಹತ್ತಿರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗೆ ಎಲ್ಲಿ ಗಾಳಿ ಸರಾಗವಾಗಿದೆ, ಎಲ್ಲಿ ಕಟ್ಟಿದೆ ಎಂದು ಹೇಳಿಬಿಡುತ್ತಿದ್ದೆ. ಇಂಜಿನಿಯರುಗಳು ನನ್ನನ್ನೇ ಕರೆಯುತ್ತಿದ್ದರು. ಇಂಥ ಕಿವಿಯಿರುವ ನಾನು ಕೂಸಿನ ಎದೆಗೆ ಕಿವಿಯಿಡಲಿಲ್ಲ. ಇಟ್ಟರೆ ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆ. ಅವಳು ನನ್ನ ತೊಡೆ ಹತ್ತಲು ಬಂದರೆ ಹೆಂಡತಿಯ ಕೈಗೆ ಕೊಟ್ಟು ಅಂಗಳಕ್ಕೆ ಹೋಗುತ್ತಿದ್ದೆ.

ಮಂಗಳವಾರ ಮಗಳು ಬಂದಳು. ಸಿಳ್ಳೆ ಕೇಳಿದ್ದೇ ತಡ, "ನಡೀರಿ ಶಿವಮೊಗ್ಗಕ್ಕೆ" ಎಂದಳು. ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲಿತ್ತು. ದಾರಿಯ ಮಾಚೇನಹಳ್ಳಿಯಲ್ಲಿ ಜನ ನುಗ್ಗಿ ಗದ್ದಲವಾಯಿತು, ಸಿಳ್ಳೆ ಕೇಳಿಸದಂತಾಯಿತು. ಆ ಗದ್ದಲ ಶಿವಮೊಗ್ಗದವರೆಗೂ ಇರಲಪ್ಪ ಎಂದುಕೊಂಡೆ.

ವಿನೋಬನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ನೋಡಿದರು. ವಯಸ್ಸಾದವರು, ನಿಧಾನಸ್ಥರು. "ಏನಾದ್ರೂ ನುಂಗಿದ್ಲಾ? ಗುಂಡಿ, ಬೀಜ, ಮಣಿ, ಹಂಗೇನಾದ್ರೂ?"

"ಇಲ್ಲ ಡಾಕ್ಟ್ರೇ" ಎಂದಳು ಮಗಳು. "ಅಪ್ಪಾಜಿ ಹತ್ರಾನೇ ಇದ್ದಿದ್ದು. ಅಲ್ವಾ ಅಪ್ಪಾಜಿ?"

ಆಗ ಬಾಯಿ ಬಿಡಬೇಕಿತ್ತು. "ಬ್ರೆಡ್ಡು, ಹಾಲು, ಬಾಳೆಹಣ್ಣು" ಎಂದೆ. ಅಷ್ಟೂ ನಿಜವೇ. ಒಂದನ್ನು ಬಿಟ್ಟಿದ್ದೆ. ಡಾಕ್ಟರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕಫದ ಸಿರಪ್ ಬರೆದುಕೊಟ್ಟರು. ಎರಡು ದಿನದಲ್ಲಿ ಇಳಿಯದಿದ್ದರೆ ತಕ್ಷಣ ಬನ್ನಿ ಎಂದರು.

ಬುಧವಾರ ಮಗಳ ಮನೆಯಲ್ಲೇ ಉಳಿದೆ. ನನ್ನನ್ನು ಹೋಗೆಂದು ಯಾರೂ ಹೇಳಲಿಲ್ಲ, ಹೋಗಲು ನನಗೆ ಕಾಲೂ ಬರಲಿಲ್ಲ. ಗುರುವಾರ ಬೆಳಿಗ್ಗೆ ಕೂಸಿಗೆ ಜ್ವರ ಏರಿತ್ತು. ಹಾಲು ಮುಟ್ಟಲಿಲ್ಲ. ಪಕ್ಕೆಲುಬಿನ ಸಂದುಗಳು ಉಸಿರಿಗೊಮ್ಮೆ ಒಳಗೆ ಹೋಗುತ್ತಿದ್ದವು. ಮಗಳು ನೀರು ಕಾಯಿಸಲು ಒಳಗೆ ಹೋದಾಗ ನಾನು ಬಾಗಿ ಕೂಸಿನ ಬೆನ್ನಿಗೆ ಕಿವಿ ಇಟ್ಟೆ.

ಎಡಗಡೆ ಗಾಳಿ ಬಂದು ಹೋಗುತ್ತಿತ್ತು. ಬಲಗಡೆ ಕಿವಿ ಇಟ್ಟೆ. ಏನೂ ಇಲ್ಲ. ಕಿವಿಯನ್ನು ಸ್ವಲ್ಪ ಕೆಳಗೆ ಸರಿಸಿದೆ. ಏನೂ ಇಲ್ಲ, ದೂರದಲ್ಲೊಂದು ಸಣ್ಣ ಸುಯ್ ಬಿಟ್ಟರೆ. ಯಂತ್ರವಾಗಿದ್ದರೆ ಆ ಕ್ಷಣವೇ ಸ್ವಿಚ್ ಆರಿಸಿ ಎನ್ನುತ್ತಿದ್ದೆ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಮಗಾ, ಭಾನುವಾರ ನಾನು ಪುಟ್ಟಿಗೆ ಶೇಂಗಾ ಕೊಟ್ಟೆ. ಕುಟ್ಟಿದ್ದು. ಕೆಮ್ಮು ಬಂತು. ಒಳಗೆ ಹೋಗಿದೆ. ಬಲಗಡೆ ಗಾಳಿ ಆಡ್ತಿಲ್ಲ."

ಮಗಳು ಬೈಯುತ್ತಾಳೆಂದು ನಾಲ್ಕು ದಿನ ಹೆದರಿದ್ದೆ. ಅವಳು ಬೈಯಲಿಲ್ಲ. ಒಲೆ ಆರಿಸಿದಳು, ಕೂಸನ್ನು ಎತ್ತಿಕೊಂಡಳು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗಿಳಿದಳು. ನಾನು ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆ.

ಡಾಕ್ಟರು ಎದೆಯ ಫೋಟೋ ತೆಗೆಸಿದರು. ಅದನ್ನು ನೋಡಿ, ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದರು. "ಈಗ ಪೂರ್ತಿ ಹೇಳಿ ಯಜಮಾನ್ರೇ. ಬ್ರೆಡ್ ಮೇಲೆ ಏನೇನಿತ್ತು? ಒಂದೂ ಬಿಡಬೇಡಿ."

ಊರೆಲ್ಲ ಹೊಗಳಿಕೊಂಡು ತಿರುಗಿದ ನನ್ನ ರುಚಿಯನ್ನು ಅಲ್ಲಿ ಒಂದೊಂದಾಗಿ ಒಪ್ಪಿಸಿದೆ. ಮೊದಲು ಬಾಟಲಿಯದ್ದು. ಅದರ ಮೇಲೆ ಬಾಳೆಹಣ್ಣು. ಅದರ ಮೇಲೆ ಶೇಂಗಾ. ಹುರಿದದ್ದೇ? ಹೌದು. ಪುಡಿಯೋ? ಅಲ್ಲ, ತರಿ. ಎಷ್ಟು ದಪ್ಪ? ಉಗುರಿನ ತುದಿ ತೋರಿಸಿದೆ. ಈರುಳ್ಳಿ, ಖಾರ ಇತ್ತೇ? ಇರಲಿಲ್ಲ, ಅವು ನನ್ನದಕ್ಕೆ ಮಾತ್ರ. ಮಗಳು ಗೋಡೆ ನೋಡುತ್ತಾ ನಿಂತಿದ್ದಳು.

"ಶೇಂಗಾ ಒಳಗಿದ್ದಷ್ಟೂ ನೆನೆದು ಊದುತ್ತೆ, ಅದರ ಎಣ್ಣೆಗೆ ಸುತ್ತ ಕೀವಾಗುತ್ತೆ" ಎಂದರು ಡಾಕ್ಟರು. "ಇವತ್ತೇ ತೆಗೀಬೇಕು." ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿನ ಗಂಟಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಪ್ರಜ್ಞೆ ತಪ್ಪಿಸಿ, ಬಾಯಿಯಿಂದ ಸಣ್ಣ ಕೊಳವೆ ಇಳಿಸಿ, ಉಸಿರಿನ ದಾರಿಯಲ್ಲೇ ಹೋಗಿ ಹಿಡಿದು ತರಬೇಕು ಎಂದು ಬಿಡಿಸಿ ಹೇಳಿದರು. ತುಂಡು ಒಡೆದು ಆ ಕಡೆ ಈ ಕಡೆ ಜಾರಿದರೆ ಕಷ್ಟ ಎಂದೂ ಹೇಳಿದರು. ಅಷ್ಟರಲ್ಲಿ ಅಳಿಯ ಮಾಚೇನಹಳ್ಳಿಯಿಂದ ಎಣ್ಣೆ ಕೈಯಲ್ಲೇ ಓಡಿಬಂದು ಕಾಗದಕ್ಕೆ ಸಹಿ ಮಾಡಿದ. ಕಾಗದದ ಮೂಲೆಯಲ್ಲಿ ಅವನ ಬೆರಳಿನ ಕಪ್ಪು ಗುರುತು ಉಳಿಯಿತು.

ಕೂಸನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಮಗಳು ಒಂದು ಬೆಂಚಿನಲ್ಲಿ, ನಾನು ಇನ್ನೊಂದರಲ್ಲಿ. ಅವಳ ಪಕ್ಕ ಜಾಗವಿತ್ತು, ಕೂರುವ ಧೈರ್ಯವಾಗಲಿಲ್ಲ. ಭದ್ರಾವತಿಯಿಂದ ಹೆಂಡತಿ ಬಂದಳು. ಅಳಿಯ ಫೋನಿನಲ್ಲಿ ಎಲ್ಲ ಹೇಳಿದ್ದ. ನನ್ನ ಎದುರು ನಿಂತು, "ನೆತ್ತಿಗೆ ಹತ್ತಿತ್ತು ಅಂದ್ರಿ. ನಾನು ಹುಚ್ಚಿ ಹಂಗೆ ಮೆಣಸಿನಕಾಯಿ ಸುಟ್ಟೆ" ಎಂದಳು. ಅಷ್ಟೇ ಹೇಳಿ ಮಗಳ ಪಕ್ಕ ಹೋಗಿ ಕೂತಳು.

ನನ್ನ ತಲೆಯಲ್ಲಿ ಒಂದೇ ಲೆಕ್ಕ ಸುತ್ತುತ್ತಿತ್ತು. ಮಂಗಳವಾರವೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು. ಆ ಎರಡು ದಿನ ಅದು ಒಳಗೆ ನೆನೆದಿದೆ. ನೆನೆದದ್ದು ಮೆತ್ತಗಾಗುತ್ತದೆ, ಮೆತ್ತಗಾದದ್ದು ಒಡೆಯುತ್ತದೆ. ಒಡೆದರೆ? ಬಾಗಿಲಿನ ಆ ಕಡೆಯಿಂದ ಏನಾದರೂ ಸದ್ದು ಬರುತ್ತದೆಯೇ ಎಂದು ಕಿವಿ ನಿಮಿರಿಸಿ ಕೂತೆ. ಒಮ್ಮೆ ಒಳಗೆ ಏನೋ ತಟ್ಟೆಗೆ ಬಿದ್ದ ಹಾಗೆ ಕೇಳಿಸಿತು. ಎದ್ದು ನಿಂತೆ. ಆಮೇಲೆ ಎಷ್ಟು ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲ. ಕೂರಲೂ ಆಗಲಿಲ್ಲ. ದೇವರೇ, ನನ್ನ ಉಸಿರಲ್ಲಿ ಅರ್ಧ ತಗೊಂಡು ಅವಳಿಗೆ ಕೊಡು ಎಂದೆ. ಅಷ್ಟು ಕೇಳಿಕೊಳ್ಳುವ ಯೋಗ್ಯತೆ ನನಗೆ ಇದೆಯೇ ಎಂದು ಮರುಗಳಿಗೆಯೇ ನಾಚಿಕೆಯಾಯಿತು.

ಕೊನೆಗೆ ಬಾಗಿಲು ತೆರೆಯಿತು. ನರ್ಸಮ್ಮನ ಕೈಯಲ್ಲಿ ಚಿಕ್ಕ ಸೀಸೆ. ಅದರೊಳಗೆ, ಊದಿ ಬಿಳಿಚಿಕೊಂಡ ಒಂದು ಚೂರು ಶೇಂಗಾ. "ಇಡೀದಾಗಿ ಬಂತು" ಎಂದರು ಹಿಂದೆಯೇ ಬಂದ ಡಾಕ್ಟರು. "ಒಂದೇ ಚೂರು ಇದ್ದಿದ್ದು. ಬಲಗಡೆಯದೇ. ಈಗ ಎರಡೂ ಕಡೆ ಗಾಳಿ ಆಡ್ತಿದೆ."

ಮಧ್ಯಾಹ್ನ ಕೂಸನ್ನು ವಾರ್ಡಿಗೆ ತಂದರು. ಎಚ್ಚರವಾಗಿ ಅಳುತ್ತಿತ್ತು. ಗಂಟಲು ಕೂತು ಹೋಗಿ ಅಳು ಗರಗಸ ಎಳೆದ ಹಾಗಿತ್ತು. ಮಗಳು ಎದೆಗೊತ್ತಿಕೊಂಡು ಅತ್ತಿಂದಿತ್ತ ಓಡಾಡಿದಳು. ನಾನು ಬಾಗಿಲ ಹೊರಗೇ ನಿಂತಿದ್ದೆ. ಇನ್ನು ಮುಂದೆ ನನ್ನ ಜಾಗ ಅದೇ ಎಂದುಕೊಂಡಿದ್ದೆ. ಈ ಕೂಸನ್ನು ನನ್ನ ಹತ್ತಿರ ಇನ್ನು ಯಾರು ಬಿಡುತ್ತಾರೆ?

ಮಗಳು ಬಾಗಿಲಿಗೆ ಬಂದಳು. ಬೆಳಿಗ್ಗೆಯಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಹಿಡ್ಕೊಳ್ಳಿ."

"ಬೇಡಮ್ಮಾ, ನನ್ನ ಕೈಗೆ ಕೊಡ್ಬೇಡ."

"ಕೂತ್ಕೊಂಡು ಹಿಡ್ಕೊಳ್ಳಿ. ಅಳು ನಿಲ್ಲಿಸೋಕೆ ಹೋಗ್ಬೇಡಿ. ಅತ್ತಷ್ಟೂ ಎದೆ ಬಿಚ್ಚುತ್ತೆ ಅಂದಿದ್ದಾರೆ ಡಾಕ್ಟ್ರು. ನಾನು ಮುಖ ತೊಳ್ಕೊಂಡು ಬರ್ತೀನಿ."

ಕೂತೆ. ಕೂಸು ತೊಡೆಯ ಮೇಲೆ ಬಂತು, ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಇನ್ನೂ ಜೋರಾಗಿ ಅತ್ತಿತು. ಬೆನ್ನ ಮೇಲಿಟ್ಟ ನನ್ನ ಅಂಗೈ ಎಡಗಡೆಯೂ ಬಲಗಡೆಯೂ ಒಂದೇ ಸಮನೆ ಏರಿ ಇಳಿಯುತ್ತಿತ್ತು. "ಅಳು ನನ್ನವ್ವಾ, ಅಳು, ಇನ್ನೂ ಜೋರಾಗಿ" ಎಂದು ನಾನೂ ಅಳುತ್ತಾ ನಗುತ್ತಾ ಹೇಳುತ್ತಿದ್ದರೆ ಪಕ್ಕದ ಮಂಚದವರು ಈ ಮುದುಕನಿಗೆ ಏನಾಗಿದೆ ಎಂದು ತಿರುಗಿ ನೋಡಿದರು. ಮಗಳು ಮಾತ್ರ ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡದೆ ನಲ್ಲಿಯ ಕಡೆ ನಡೆದು ಹೋದಳು.