ಸಹಿಗೆ ಮೊದಲೇ ಬಂದ ಪೇಟ

ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಹುಡುಗಿ ನನ್ನ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿಸಿದಳು. ಒಳಗಿದ್ದ ಮೈಸೂರು ಪೇಟ ನೋಡಿ, "ಮದುವೆನಾ ಸರ್?" ಎಂದಳು. "ಸನ್ಮಾನ" ಎಂದೆ, ಎದೆಯುಬ್ಬಿಸಿಕೊಂಡು. ಆ ಉಬ್ಬಿದ ಎದೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸನ್ಮಾನ ನನ್ನ ತಂಗಿ ಸುಮಾಳ ಮಗ ರೋಹನನಿಗೆ. ಇಪ್ಪತ್ತೆರಡರ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದ ಒಹಾಯೋದಲ್ಲಿ. ನಾಲ್ಕು ವರ್ಷ ಕಾಲೇಜಿನ ತಂಡಕ್ಕೆ ಫುಟ್‌ಬಾಲ್ ಆಡಿದ. ಓದು ಮುಗಿದ ಮೇಲೆ ಅಲ್ಲಿನ ಯಾವ ವೃತ್ತಿಪರ ತಂಡವೂ ಕರೆಯಲಿಲ್ಲ. ಸ್ವೀಡನ್ನಿನ ಸಣ್ಣ ಕ್ಲಬ್ಬೊಂದರಲ್ಲಿ ಆರು ತಿಂಗಳು ಹಿಮ ತುಳಿದು ಬಂದ. ಕೊನೆಗೆ ಹಳೆಯ ಕೋಚ್ ಒಬ್ಬರ ಮಾತಿನ ಮೇಲೆ ಕತಾರಿನ ಒಂದು ಕ್ಲಬ್ ಮೂರು ವಾರದ ಪರೀಕ್ಷೆಗೆ ಕರೆಯಿತು. ಇದೂ ಆಗದಿದ್ದರೆ ಆಟ ಬಿಟ್ಟು ಕೆಲಸ ಹುಡುಕುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದ. ಎರಡು ವಾರ ಕಳೆದ ಮೇಲೆ "ಬಹುತೇಕ ಆದ ಹಾಗೇ" ಎಂದು ಸುಮಾ ಫೋನ್ ಮಾಡಿದಳು. ಮೂವತ್ತು ವರ್ಷ ಮೈಸೂರಿನ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿದವನು ನಾನು, ಕೂತಲ್ಲಿ ಕೂರಲಾಗದೆ ಟಿಕೆಟ್ ತೆಗೆಸಿದೆ.

ನಾಲ್ಕೂವರೆ ಗಂಟೆಯ ಹಾರಾಟ. ಮಂಗಳವಾರ ಮಧ್ಯಾಹ್ನ ಇಳಿದಾಗ ಜನವರಿಯ ಗಾಳಿ ತಣ್ಣಗಿತ್ತು; ಸ್ವೆಟರ್ ತರಲಿಲ್ಲವಲ್ಲ ಎನಿಸಿತು. ಚಿಕ್ಕಪ್ಪನ ಮಗ ಸತೀಶ ಕಾರು ತಂದಿದ್ದ. ಹದಿನಾಲ್ಕು ವರ್ಷದಿಂದ ಇಲ್ಲಿನ ಆಫೀಸೊಂದರಲ್ಲಿದ್ದಾನೆ, ಇಲ್ಲಿನ ಕನ್ನಡಿಗರ ಕೂಟವೊಂದಕ್ಕೆ ಕಾರ್ಯದರ್ಶಿ. ರೋಹನ ಇಳಿದುಕೊಂಡಿದ್ದದ್ದು ಅಲ್ ವುಕೈರ್‌ನಲ್ಲಿರುವ ಇವನ ಫ್ಲ್ಯಾಟಿನಲ್ಲೇ. ಕಾರು ಹತ್ತುತ್ತಿದ್ದಂತೆ ಸತೀಶ ಕೇಳಿದ್ದು ನನ್ನ ಪ್ರಯಾಣವನ್ನಲ್ಲ. "ಪೇಟ ತಂದ್ಯಾ ಅಣ್ಣ? ಶುಕ್ರವಾರ ಫಂಕ್ಷನ್."

"ಸಹಿ ಆಯ್ತಾ?"

"ಭಾನುವಾರ ಆಗುತ್ತೆ. ಆದ್ರೆ ಹಾಲ್ ಸಿಕ್ಕಿರೋದು ಶುಕ್ರವಾರಕ್ಕೆ. ಆಮೇಲೆ ಒಂದು ತಿಂಗಳು ಖಾಲಿ ಇಲ್ಲ."

ಜೀವಮಾನದ ಕೆಲಸವೊಂದು ಆಗುವ ದಿನವನ್ನು ಹಾಲ್ ಬುಕಿಂಗ್ ನೋಡಿ ಗೊತ್ತು ಮಾಡುವ ಜನ ನಾವು. ಆಗಲೇ ಬೈಯಬೇಕಿತ್ತು. ಹೌದಾ ಎಂದೆ, ಅಷ್ಟೇ.

ಬುಧವಾರ ರೋಹನನ ಅಭ್ಯಾಸ ನೋಡಲು ಹೋದೆ. ಪಕ್ಕದ ಅಲ್ ವಕ್ರಾದಿಂದ ಮೆಟ್ರೋಗೆ ಎರಡು ರಿಯಾಲ್, ಇಳಿದ ಮೇಲೆ ಹತ್ತು ನಿಮಿಷದ ನಡಿಗೆ. ಬೇಲಿಯಾಚೆ ನಿಂತು ಗಂಟೆಗಟ್ಟಲೆ ನೋಡಿದೆ. ಹುಡುಗ ಚೆನ್ನಾಗಿ ಆಡುತ್ತಿದ್ದ. ಚೆಂಡು ಕಾಲಿಗೆ ಬರುವ ಮೊದಲೇ ಎಲ್ಲಿಗೆ ಕಳಿಸಬೇಕೆಂದು ಅವನಿಗೆ ಗೊತ್ತಿರುತ್ತಿತ್ತು. ಇಂಥ ಒಬ್ಬ ವಿದ್ಯಾರ್ಥಿ ನನಗೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

ಆಟಗಾರರ ಬಟ್ಟೆ, ಬೂಟು ನೋಡಿಕೊಳ್ಳುವ ಇಸ್ಮಾಯಿಲ್ ಎಂಬವರು ಕನ್ನಡ ಕೇಳಿ ಹತ್ತಿರ ಬಂದರು. ಉಪ್ಪಿನಂಗಡಿಯವರು, ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಕಾಗದದ ಲೋಟದಲ್ಲಿ ಕರಕ್ ಚಹಾ ಕೊಡಿಸಿ ದನಿ ತಗ್ಗಿಸಿದರು.

"ಹುಡುಗನಲ್ಲಿ ಆಟ ಉಂಟು ಮಾರಾಯ್ರೆ. ಕೋಚಿಗೆ ಹಿಡಿಸಿದೆ. ಆದ್ರೆ ಹೊರದೇಶದವ್ರಿಗೆ ಇಲ್ಲಿ ಇಷ್ಟೇ ಜಾಗ ಅಂತ ಉಂಟು. ಇವ ಒಳಗೆ ಬರ್ಬೇಕಾದ್ರೆ ಒಬ್ಬ ಹೊರಗೆ ಹೋಗ್ಬೇಕು. ಅಗೋ, ಆ ಎಂಟನೇ ನಂಬರಿನವ, ಘಾನಾದವ. ಅವನಿಗೆ ಇನ್ನೂ ಹೇಳ್ಲಿಲ್ಲ. ಭಾನುವಾರ ಮ್ಯಾನೇಜರ್ ಅವನನ್ನು ಕರ್ದು ಮರ್ಯಾದೆಯಲ್ಲಿ ಹೇಳಿ, ಮತ್ತೆ ಇವನ ಸಹಿ. ಅಷ್ಟರವರೆಗೆ ಒಂದು ಫೋಟೋ ಸಹ ಹೊರಗೆ ಹೋಗ್ಬಾರ್ದು. ಹೋದ್ರೆ ಖಲಾಸ್."

ನಾನು ತಲೆಯಾಡಿಸಿದೆ. ಟೀಮಿನ ಪಟ್ಟಿ ಗೋಡೆಗೆ ಹಚ್ಚುವ ಮೊದಲು ಹೆಂಡತಿಗೂ ಬಾಯಿ ಬಿಡದ ಮೇಷ್ಟ್ರು ನಾನು. ಅವರು ಹೇಳಿದ್ದು ಅಕ್ಷರಕ್ಷರ ಅರ್ಥವಾಗಿತ್ತು.

ಗುರುವಾರ ಸಂಜೆ ರೋಹನನೇ ನನ್ನ ಬಳಿ ಬಂದ. "ಮಾವ, ಸೈನ್ ಆಗಿಲ್ಲ ಇನ್ನೂ. ಫಂಕ್ಷನ್ ಬೇಡ ಅಂತ ಸತೀಶ್ ಮಾಮಗೆ ನೀವು ಹೇಳ್ತೀರಾ?"

"ದೊಡ್ಡವರು ಪ್ರೀತಿಯಿಂದ ಕರೆದಾಗ ಬೇಡ ಅನ್ನಬಾರದು ಕಣೋ" ಎಂದೆ. ನಮ್ಮವರ ನಡುವಿನ ಫೋಟೋ ನಮ್ಮವರಲ್ಲೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ ಇತ್ತು. ಪೇಟ ತೊಡಿಸಲು ಸತೀಶ ನನ್ನನ್ನು ವೇದಿಕೆಗೆ ಕರೆದಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ವೇದಿಕೆಗೆ ಕರೆದಿರಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಮದೀನತ್ ಖಲೀಫಾದ ವಿಲ್ಲಾವೊಂದರ ಹಾಲ್. ಗೋಡೆ ತುಂಬ ಫ್ಲೆಕ್ಸ್: ಕ್ಲಬ್ಬಿನ ಅಂಗಿ ತೊಟ್ಟ ರೋಹನ, ಬೆನ್ನ ಮೇಲೆ ದೊಡ್ಡದಾಗಿ ಎಂಟು, ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ "ಆಯ್ಕೆಯಾದ ಹೆಮ್ಮೆಯ ಕನ್ನಡಿಗ". "ಆ ನಂಬರ್ ಯಾರು ಹಾಕಿದ್ದು?" ಎಂದೆ. "ಅವನು ಆಡೋ ಜಾಗದ್ದು ಅದೇ ಅಲ್ವಾ ಅಣ್ಣ" ಎಂದ ಸತೀಶ. ಭಾಷಣಗಳು ಹನ್ನೊಂದು. ಒಬ್ಬ ಮಹಾಶಯರು ರೋಹನನ ಬ್ಯಾಟಿಂಗನ್ನು ಹೊಗಳಿದರು. ಹುಡುಗ ಎರಡೂವರೆ ಗಂಟೆ ಶಾಲು, ಹಾರ, ಹಣ್ಣಿನ ಬುಟ್ಟಿ ಹೊತ್ತು ನಿಂತಿದ್ದ. ಕೊನೆಗೆ ನಾನು ಹೋಗಿ ಪೇಟ ತೊಡಿಸಿದೆ, ಅದು ಸೊಟ್ಟಗಿದೆಯೆಂದು ಸರಿಯೂ ಮಾಡಿದೆ. ಮೊಬೈಲುಗಳು ಎದ್ದು ನಿಂತವು.

ಊಟದ ಸಾಲಿನಲ್ಲಿರುವಾಗಲೇ ಫೋಟೋ ಹತ್ತು ಗ್ರೂಪು ದಾಟಿತ್ತು. ಯಾರದೋ ಆಫೀಸಿನವನು, ಅವನ ಗೆಳೆಯ, ಆ ಗೆಳೆಯನ ಜೊತೆ ಆಡುವವನು. ಶನಿವಾರ ಬೆಳಿಗ್ಗೆ ಅದು ಘಾನಾದವನ ಮೊಬೈಲಿನಲ್ಲಿತ್ತು. ತನ್ನ ಕೆಲಸ ಹೋಯಿತೆಂದು ಆ ಮನುಷ್ಯ ತಿಳಿದದ್ದು ನಮ್ಮ ಫ್ಲೆಕ್ಸ್ ನೋಡಿ. ಡ್ರೆಸಿಂಗ್ ರೂಮಿನಲ್ಲಿ ಎಲ್ಲರೂ ಅವನ ಕಡೆ ನಿಂತರು. ನಿಲ್ಲಬೇಕಾದ್ದೇ.

ಭಾನುವಾರ ಮ್ಯಾನೇಜರ್ ರೋಹನನನ್ನು ಕರೆದು ಐದು ನಿಮಿಷದಲ್ಲಿ ಮುಗಿಸಿದರು. ಈ ಸಲ ಆಗುವುದಿಲ್ಲ. ಘಾನಾದವನೇ ಮುಂದುವರಿಯುತ್ತಾನೆ.

ಮನೆಗೆ ಬಂದು ನಾನು ಸತೀಶನ ಮೇಲೆ ಕೂಗಾಡಿದೆ. ನಿನಗೆ ಆಟವೂ ಬೇಡ, ಹುಡುಗನೂ ಬೇಡ, ಬೇಕಾದ್ದು ಫ್ಲೆಕ್ಸಿನ ಮೂಲೆಯಲ್ಲಿ ನಿನ್ನ ಹೆಸರು ಎಂದೆ. ಅವನ ಹೆಂಡತಿ ಬಂದು ನೀರು ಕೊಡುವವರೆಗೆ ಕೂಗಿದೆ. ಸತೀಶ ಗೋಡೆ ನೋಡುತ್ತ, "ಯಾರಾದರೂ ಒಂದು ಮಾತು ಹೇಳಿದ್ದರೆ ಕ್ಯಾನ್ಸಲ್ ಮಾಡ್ತಿದ್ದೆ ಅಣ್ಣ" ಎಂದ. ನಾನು ಆ ನೀರು ಕುಡಿದು ಲೋಟ ಕೆಳಗಿಟ್ಟೆ.

ರೋಹನ ಕೂಗಲಿಲ್ಲ. ಘಾನಾದವನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಬೂಟುಗಳನ್ನು ಸೋಪು ಹಾಕಿ ತೊಳೆದು ಬಾಲ್ಕನಿಯಲ್ಲಿ ಒಣಗಿಸಿ ಚೀಲಕ್ಕೆ ಹಾಕಿದ. ಮಂಗಳವಾರ ನಮ್ಮಿಬ್ಬರ ವಿಮಾನಗಳ ನಡುವೆ ಎರಡು ಗಂಟೆ ಅಂತರ. ನಿಲ್ದಾಣದಲ್ಲಿ ನನ್ನ ಕಾಲು ಮುಟ್ಟಿ ಹೇಳಿದ: "ಮಾವ, ನಂದೇ ತಪ್ಪು. ನಾನೇ ನೋ ಹೇಳ್ಬೇಕಿತ್ತು."

ಅವನ ಭುಜ ಹಿಡಿದುಕೊಂಡೆ. ಅವನು ತಿರುಗಿ ನೋಡದೆ ಗೇಟಿನ ಕಡೆ ನಡೆದ.

ಬೆಂಗಳೂರಿನಲ್ಲಿ ಇಳಿದು ಮೈಸೂರಿನ ಬಸ್ಸಿನಲ್ಲಿ ಕೂತಾಗ ಸುಮಾ ಫೋನ್ ಮಾಡಿದಳು. ಅತ್ತು ಅತ್ತು ದನಿ ಕಟ್ಟಿತ್ತು.

"ಆ ಸತೀಶನಿಗೆ ಬುದ್ಧಿ ಬೇಡ್ವಾ ಅಣ್ಣ? ಫೋಟೋ ಹೊರಗೆ ಹೋಗಬಾರದು ಅಂತ ನಿನಗೆ ಗೊತ್ತಿದ್ದಿದ್ರೆ ನೀನು ಬಿಡ್ತಿದ್ಯಾ? ಬಿಡ್ತಿರಲಿಲ್ಲ. ನನಗೆ ಗೊತ್ತು."

ರೋಹನ ಬಿಟ್ಟುಹೋದ ಪೇಟದ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. "ಬಿಡ್ತಿರಲಿಲ್ಲ" ಎಂದೆ.